ಹತ್ತು ನಿಮಿಷಕ್ಕೆ ಒಂದು ವರ್ಷ

ಹಸಿರು, ಹಸಿರು, ಇನ್ನೊಂದು ಹಸಿರು — ಪರದೆಯ ಮೇಲೆ ಸಾಲುಗಳು ಇಳಿಯುತ್ತಿವೆ, ಒಂದೊಂದರ ಮುಂದೆಯೂ ಹಸಿರು ಟಿಕ್ಕು, ಅವನ ಎದೆ ಊದಿ ಅಂಗಿಯ ಗುಂಡಿ ಕಿತ್ತು ಹಾರುವುದೊಂದು ಬಾಕಿ, ಮತ್ತಿನ್ನೇನು, ಸೂರ್ಯ ಚಂದ್ರರ ಕೈಲಾಗದ್ದನ್ನು ಇವನು ಮಾಡಿದ್ದಾನೆ, ಇಡೀ ವರ್ಷವನ್ನು ಹತ್ತು ನಿಮಿಷದಲ್ಲಿ ಓಡಿಸಿದ್ದಾನೆ! ಸರ್ವರ್‌ಗೆ ಸುಳ್ಳು ಗಡಿಯಾರ ಕಟ್ಟಿದ, ಪಾಪ ಅದು ನಂಬಿಬಿಟ್ಟಿತು, ಬೆಳಗಾಯಿತು ಕತ್ತಲಾಯಿತು ಬೆಳಗಾಯಿತು ಅಂತ ಮುನ್ನೂರ ಅರವತ್ತೈದು ಸಲ, ಯಾವ ಹೊತ್ತಿಗೆ ಯಾವ ಕೆಲಸ ಅಂತ ಅವನು ಬರೆದಿಟ್ಟದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿ ಮುಗಿಸಿತು, ಹಳೇ ಫೈಲು ಅಳಿಸುವುದು, ನಕಲು ತೆಗೆದಿಡುವುದು, ತಿಂಗಳ ವರದಿ ಕಳಿಸುವುದು, ಪರೀಕ್ಷೆ ಅಂದರೆ ಇದು, ಅದೇ ಓಡುತ್ತದೆ, ಅದೇ ಅಂಕ ಹಾಕಿಕೊಳ್ಳುತ್ತದೆ, ಇವನು ಕೈಕಟ್ಟಿ ಕೂತರೆ ಸಾಕು. ಯಾರಿಗಾದರೂ ತೋರಿಸೋಣವೆಂದರೆ ಕೋಣೆಯಲ್ಲಿ ನರಪಿಳ್ಳೆಯಿಲ್ಲ, ಎಲ್ಲರೂ ಊಟಕ್ಕೆ ಕೆಳಗಿಳಿದಿದ್ದಾರೆ, ಏನ್ರೀ ಟೈಮ್‌ಟೇಬಲ್ಲು, ಇವತ್ತಾದ್ರೂ ಬರ್ತೀರಾ ಅಂತ ಮೇಲಿನ ಮೇಡಂ ತಾವೇ ಇಟ್ಟ ಅಡ್ಡಹೆಸರು ಹಿಡಿದು ಬಾಗಿಲಲ್ಲಿ ನಿಂತು ಕೇಳಿದ್ದರು, ನೀವು ನಡೀರಿ ಮೇಡಂ, ಬಂದೇಬಿಟ್ಟೆ ಅಂದಿದ್ದ, ದಿನಾ ಹಾಗೇ ಅನ್ನುತ್ತಾನೆ, ದಿನಾ ಹೋಗುವುದಿಲ್ಲ, ಕೀಬೋರ್ಡಿನ ಪಕ್ಕ ಊಟದ ಡಬ್ಬಿ ಮುಚ್ಚಿಕೊಂಡೇ ಕೂತಿದೆ — ತಟ್ಟೆಯ ಮೇಲೆ ಬೋರಲು ಹಾಕಿದ ಇನ್ನೊಂದು ತಟ್ಟೆ, ಅಂಚು ನೆಗ್ಗಿದ್ದು, ಅಕ್ಕ ಅವನಿಗೆ ಹಾಗೇ ಮುಚ್ಚಿಡುತ್ತಿದ್ದಳು, ಸ್ಕೂಲಿನಿಂದ ಎಷ್ಟು ಹೊತ್ತಿಗೆ ಬಂದರೂ ಹೊಲಿಗೆ ಮಿಷನ್ನಿನ ಮುಂದಿಂದ ಎದ್ದು ಬರುತ್ತಿದ್ದಳು, ನೀನು ತಿಂದ್ಯಾ ಅಕ್ಕಾ ಅಂದರೆ, ನಿಂದಾಗ್ದೆ ನಂದು ಹೆಂಗೋ ಆಗತ್ತೆ, ಕತ್ತೆ. ಹಸಿರು, ಹಸಿರು, ನಲವತ್ತು ಸಾಲೂ ಹಸಿರು, ಆಮೇಲೆ ನಲವತ್ತೊಂದನೆಯದು, ಅದು ಆಫೀಸಿನದಲ್ಲ, ಅವನದೇ, ಮೇಡಂ ಕಣ್ಣಿಗೆ ಬೀಳದ ಹಾಗೆ ಮೂಲೆಯಲ್ಲಿ ತುರುಕಿಟ್ಟದ್ದು, ದಿನಾ ಮಧ್ಯಾಹ್ನ ಒಂದು ಹತ್ತಕ್ಕೆ ಅಕ್ಕನ ಫೋನಿಗೆ ಒಂದೇ ಒಂದು ಮೆಸೇಜು, ಅಕ್ಕಾ ಊಟ ಆಯ್ತಾ. ಅದರ ಮುಂದೆಯೂ ಹಸಿರು. ಕಳಿಸಿದ್ದು ಮುನ್ನೂರ ಅರವತ್ತೈದು.

ಅಯ್ಯೋ. ಪರೀಕ್ಷೆಗೆ ಮುಂಚೆ ಹೊರಗಿನ ಬಾಗಿಲು ಮುಚ್ಚಬೇಕು, ಹೊರಡುವ ಮೆಸೇಜೆಲ್ಲ ಒಳಗಿನ ಬುಟ್ಟಿಗೇ ಬೀಳಬೇಕು, ಮೊದಲ ಪಾಠವೇ ಅದು, ನಲವತ್ತಕ್ಕೂ ಮುಚ್ಚಿದ್ದಾನೆ, ಕದ್ದು ಇಟ್ಟದ್ದಕ್ಕೆ ಕಳ್ಳಬಾಗಿಲು ಬೇರೆ ಇತ್ತಲ್ಲ, ಅದನ್ನು ಮರೆತ, ಹತ್ತೇ ನಿಮಿಷದಲ್ಲಿ ಒಂದು ವರ್ಷದ ಅಕ್ಕಾ ಊಟ ಆಯ್ತಾ ಅಷ್ಟೂ ಅವಳ ಫೋನಿನ ಮೇಲೆ ಆಲಿಕಲ್ಲಿನ ಹಾಗೆ ಸುರಿದಿದೆ, ಫೋನು ಮೇಜಿನ ಮೇಲೆ ಕುಣಿದು ಕುಣಿದು ನೆಲಕ್ಕೆ ಬಿದ್ದಿರಬೇಕು, ಈಗ ಅವಳಿಗೆ ತಿಳಿದೇ ತಿಳಿಯುತ್ತದೆ, ಕೇಳುತ್ತಿದ್ದದ್ದು ತಮ್ಮ ಅಲ್ಲ ಅಂತ. ಮೂರು ವರ್ಷದ ಹಿಂದೆ ಎರಡು ವಾರ ಫೋನು ಮಾಡಿರಲಿಲ್ಲ, ಊಟ ಆಯ್ತಾ ಅಂತ ಒಂದು ಮಾತಿಗೂ ಪುರುಸೊತ್ತಿಲ್ವೇನೋ ಅಂದಿದ್ದಳು, ಇನ್ನು ಮರೆಯಲೇಬಾರದು ಅಂತ ಸರ್ವರ್‌ಗೆ ವಹಿಸಿದ, ಅದು ಮರೆಯಲಿಲ್ಲ, ಇವನು ಪೂರ್ತಿ ಮರೆತ, ಆಫೀಸ್ ನಂಬರು ಅಕ್ಕಾ, ಬಿಡುವು ಸಿಕ್ಕಾಗ ಕಳಿಸ್ತೀನಿ ಅಂತ ಸುಳ್ಳು ಬೇರೆ. ಉತ್ತರ ಬಂದದ್ದೆಲ್ಲ ಎಲ್ಲಿ ಹೋಯಿತು? ಒಂದು ಫೈಲಿದೆ, ಯಾರೂ ತೆರೆಯದ್ದು, ತೆರೆಯುತ್ತಾನೆ, ಇಲ್ಲ ಮರಿ, ನಿಂದಾಯ್ತಾ. ಕೆಳಗೆ ಮತ್ತೆ, ಇಲ್ಲ ಮರಿ, ನಿಂದಾಯ್ತಾ. ಸಾವಿರ ದಿನ ದಾಟಿದೆ, ಒಂದು ದಿನ ಮಾತ್ರ ಜ್ವರ ಕಣೋ, ನಿಂದಾಯ್ತಾ — ಯಾವ ಜ್ವರ, ಯಾವಾಗ, ಯಾರು ನೀರು ಕೊಟ್ಟರು, ಅವಳು ಬರೆದ ಒಂದನ್ನೂ ಇವನು ಓದಿಲ್ಲ, ತಟ್ಟೆಯ ಮೇಲೆ ಬೋರಲು ತಟ್ಟೆ, ಅವಳು ಎದುರಿಗೆ ಕೂತು ಕಾಯುತ್ತಿದ್ದಾಳೆ — ಫೈಲು ತಾನೇ ಬೆಳೆಯಿತು, ಈಗ, ಕಣ್ಣೆದುರಿಗೇ, ಇಲ್ಲ ಮರಿ, ನಿಂದಾಯ್ತಾ, ಅರ್ಧ ನಿಮಿಷ ಬಿಟ್ಟು ಇನ್ನೊಂದು, ಅಕ್ಕ ಒಂದೊಂದಕ್ಕೂ ಉತ್ತರ ಬರೆಯುತ್ತಿದ್ದಾಳೆ, ಒಂದೇ ಬೆರಳಲ್ಲಿ, ಮುನ್ನೂರ ಅರವತ್ತೈದಕ್ಕೂ ಬರೆಯುತ್ತಾಳೆ, ಅವಳನ್ನು ನಿಲ್ಲಿಸಲು ಯಾವ ಗಡಿಯಾರವೂ ಸಾಲದು, ಫೋನು ಮಾಡಬೇಕು, ಮಾಡಿದರೆ ಹೇಳಬೇಕು, ಬೆರಳು ಮಾಡಿಯೇಬಿಟ್ಟಿದೆ, ಒಂದೇ ರಿಂಗಿಗೆ, ಏನಾಯ್ತೋ, ಹೆದರ್ಕೊಂಡೆ ಕಣೋ, ತಡಿ, ಬರೀತಿದೀನಿ, ಇನ್ನೂ ಹದಿನೇಳೇ ಆಗಿರೋದು. ಅಕ್ಕಾ, ಅದು ನಾನಲ್ಲ, ಮಿಷನ್ನು, ಮೂರು ವರ್ಷದಿಂದ್ಲೂ ಮಿಷನ್ನೇ ಅಕ್ಕಾ. ಫೈಲು ಹದಿನೇಳಕ್ಕೇ ನಿಂತಿತು, ಆಮೇಲೆ ಅವಳು ಮೆಲ್ಲಗೆ, ಓ, ಹೌದಾ, ಆಮೇಲೆ, ಮಿಷನ್ನಿಗೆ ಹಸಿವಾಗಲ್ಲ ಬಿಡು, ನಿಂದಾಯ್ತಾ? ಬಾಯಿ ತೆರೆಯುತ್ತಾನೆ, ಡಬ್ಬಿ ಮುಚ್ಚಿಕೊಂಡೇ ಇದೆ, ಇಲ್ಲ ಅಕ್ಕಾ, ಅವಳ ಕಡೆ ಸಣ್ಣಗೆ ಟಣ್ ಅಂದಿತು, ಎತ್ತಿದ್ದನ್ನು ಮತ್ತೆ ಮುಚ್ಚಿದಳು — ತಟ್ಟೆ, ಅದರ ಮೇಲೆ ಬೋರಲು ತಟ್ಟೆ, ಅಂಚು ನೆಗ್ಗಿದ್ದು