ಮೂಲೆ ರಾಟೆಯ ಸದ್ದು

ನನ್ನ ಮಗಳು ಅಲ್ಮಾಸ್ ಮಾಡಿದ ಸಂಗೀತ ಇವತ್ತು ಟೀವಿಯಲ್ಲಿ ಬರುತ್ತದೆ ಎಂದು ನಾನು ಬೀದಿಗೆಲ್ಲ ಡಂಗುರ ಸಾರಿದ್ದು ನಿಜ. ಸಾರಬಾರದೇಕೆ? ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವವರು ಅನ್ನಲಿ. ನನ್ನದು ಹೆಗ್ಗಣವಲ್ಲ.

ಧಾರಾವಾಹಿಗೆ ಮುಂಚೆ ಅದನ್ನು ತಯಾರಿಸಿದ ಕಂಪನಿಯ ಗುರುತು ತೆರೆಯ ಮೇಲೆ ಮೂಡುತ್ತದಲ್ಲ, ಆಗ ಒಂದು ಸಣ್ಣ ಸದ್ದು ಬರುತ್ತದೆ. ಅದನ್ನು ಮಾಡುವುದು ಅವಳ ಕೆಲಸ. ಒಂದೇ ಗುರುತಿಗೆ ಹಲವು ಸದ್ದು: ದಿನನಿತ್ಯಕ್ಕೊಂದು, ಹಬ್ಬದ ಕಂತಿಗೊಂದು, ಕಥೆಯಲ್ಲಿ ಸಾವಾದ ದಿನಕ್ಕೊಂದು. ಶಿಡ್ಲಘಟ್ಟದ ನಮ್ಮ ಮನೆಯ ಮಹಡಿ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಮಾಡುತ್ತಾಳೆ. ಮನೆಯ ಹಿಂದೆ ಗೂಡು ಬೇಯಿಸಿ ರೇಷ್ಮೆ ತೆಗೆಯುವ ನಮ್ಮ ರಾಟೆಗಳಿವೆ.

ಅವಳ ಅಪ್ಪ ಸಾದಿಕ್ ಪಾಷಾಗೆ ಅದು ಕೆಲಸವೆಂದೇ ಅನ್ನಿಸಿರಲಿಲ್ಲ. "ಹೆಸರೂ ಹಾಕಲ್ಲ, ಕಣ್ಣು ಮಿಟುಕಿಸೋದ್ರೊಳಗೆ ಮುಗಿದೋಗ್ತದೆ. ಇವತ್ತು ನಾನೂ ಕೇಳ್ತೀನಿ. ಕೇಳಿದೋರಿಗೆ ಏನೂ ಅನ್ನಿಸ್ಲಿಲ್ಲ ಅಂದ್ರೆ ಆ ಕೋಣೆಗೆ ಬೀಗ ಹಾಕಿ, ನಾಳೆಯಿಂದ ರಾಟೆ ಕೆಲಸ ನೋಡ್ಕೊಳ್ಳಮ್ಮ" ಎಂದುಬಿಟ್ಟರು. ಮಗಳು ತುಟಿ ಕಚ್ಚಿಕೊಂಡು ಹೂಂ ಅಂದಳು. ನನಗೆ ಮೈಯೆಲ್ಲ ಉರಿಯಿತು.

ಸಂಜೆ ಕೆಲಸ ಮುಗಿಸಿ ಇವರೇ ರಾಟೆಗಳ ಮೋಟಾರು ನಿಲ್ಲಿಸಿ ಬಂದರು. ಪಕ್ಕದ ರಾಟೆಯ ಮುನಿಗಂಗಪ್ಪ, ನನ್ನ ನಾದಿನಿ ಬುಷ್ರಾ, ಇನ್ನೂ ನಾಲ್ಕಾರು ಜನ ನಮ್ಮ ಹಜಾರದಲ್ಲಿ ಕೂತರು. ಕಂಪನಿಯ ಗುರುತು ಬಂತು, ಗುಂಯ್ ಎಂದು ಏನೋ ತಿರುಗಿದಂತಾಯಿತು, ಹೋಯಿತು. ಬುಷ್ರಾ ಇನ್ನೂ ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದಳು.

"ಇಷ್ಟೇನಾ ಭಾಬಿ? ನಾನು ಸೀನೋದ್ರೊಳಗೆ ಮುಗೀತಲ್ಲ!"

ಎಲ್ಲರೂ ನಕ್ಕರು. ಇವರು ಮಾತ್ರ ನಗಲಿಲ್ಲ. ಅದಕ್ಕಿಂತ ನಕ್ಕಿದ್ದರೇ ವಾಸಿಯಿತ್ತು.

"ಕೊನೇಲಿ ಇನ್ನೊಂದ್ಸಲ ಬರ್ತದೆ ಅಬ್ಬಾ" ಎಂದಳು ಅಲ್ಮಾಸ್, ಮೆಲ್ಲಗೆ.

ಆ ದಿನದ ಕಂತಿನಲ್ಲಿ ನಾಯಕಿಯ ಅಜ್ಜಿ ತೀರಿಕೊಂಡಳು. ಮುನಿಗಂಗಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ. ಕಂಪನಿಯ ಗುರುತು ಮತ್ತೆ ಮೂಡಿತು. ಅದೇ ಗುಂಯ್ ಸದ್ದು, ಈ ಸಲ ನಿಧಾನವಾಗಿ. ನಡುವೆ ಏನೋ ಕಡಿದಂತಾಗಿ, ರಾಟೆಯೊಂದು ಬರಿದೇ ಕಿರ್ರೆಂದು ತಿರುಗಿತು.

"ಅಯ್ಯೋ, ದಾರಂ ತೆಗಿಂದಿ!" ಮುನಿಗಂಗಪ್ಪ ಗಾಬರಿಯಲ್ಲಿ ತೆಲುಗಿಗೆ ಜಾರಿ ಎದ್ದು ನಿಂತ. ಚಹಾ ಲೋಟ ಉರುಳಿತು. ಇವರು ಅಷ್ಟರಲ್ಲಿ ಹಿತ್ತಿಲ ಬಾಗಿಲು ದಾಟಿದ್ದರು. ದಾರ ಕಡಿದರೆ ರಾಟೆಯ ಸದ್ದು ಹಗುರಾಗುತ್ತದೆ. ಆ ಸದ್ದಿಗೆ ನಮ್ಮ ಬೀದಿಯವರು ಊಟದ ತಟ್ಟೆ ಬಿಟ್ಟು ಏಳುತ್ತಾರೆ. ಬುಷ್ರಾ ಕೂಡ ಎದ್ದಿದ್ದಳು. ಈಗ ಕೇಳಿದರೆ ಇಲ್ಲ ಅನ್ನುತ್ತಾಳೆ.

ನಾನು ಹಿಂದೆಯೇ ಓಡಿದೆ. ಒಳಗೆ ಮೋಟಾರು ನಿಂತಿತ್ತು, ನೀರು ತಣ್ಣಗಾಗಿತ್ತು. ಇವರು ಮೂಲೆ ರಾಟೆಯ ಮೇಲೆ ಕೈಯಿಟ್ಟು ನಿಂತಿದ್ದರು.

"ಬಾನು, ಇದರದ್ದೇ ಸದ್ದು ಕಣೇ. ಹಿಂಗೆ ಕಿರುಗುಟ್ಟೋದು ಇದೊಂದೇ."

"ನೀವೇ ನಿಲ್ಸಿದ ರಾಟೆಗೆ ಓಡಿ ಬಂದ್ರಲ್ರೀ" ಎಂದೆ. ಸುಮ್ಮನೆ ಬಿಡುವವಳೇ ನಾನು?

ಹಜಾರಕ್ಕೆ ಬಂದು ಮಗಳ ಮುಂದೆ ಕೂತು, "ಇನ್ನೊಂದ್ಸಲ ಹಾಕಮ್ಮ" ಎಂದರು. ಅವಳು ಫೋನಿನಲ್ಲಿ ಹಾಕಿದಳು. ಗೊತ್ತಿದ್ದೂ ಇವರು ಮತ್ತೆ ಅರ್ಧ ಎದ್ದರು. ಆಗ ಅವಳು ನಕ್ಕಳು ನೋಡಿ, ನನ್ನ ಎದೆ ಉಬ್ಬಿ ರವಿಕೆ ಬಿಗಿಯಾಯಿತು.

ಬೆಳಿಗ್ಗೆ ನಮ್ಮ ಕೆಲಸಗಾರ ಮುದಸ್ಸಿರ್ ಎಣ್ಣೆ ಡಬ್ಬಿ ಹಿಡಿದು ಮೂಲೆ ರಾಟೆಯ ಹತ್ತಿರ ಹೋದ. ಕಿರುಗುಡುತ್ತದೆ ಎಂದು ಅವನಿಗೆ ವಾರದಿಂದ ಬೈದವರು ಇವರೇ.

"ಏಯ್, ಅದಕ್ಕೆ ಎಣ್ಣೆ ಹಾಕ್ಬೇಡ ಕಣೋ!" ಎಂದು ಇವರು ಕೂಗಿದರು. "ಮಹಡಿ ಕೋಣೇಲಿ ನನ್ ಮಗಳಿಗೆ ಆ ಸದ್ದು ಇನ್ನೂ ಬೇಕಾಗ್ತದೆ."