ಕೊನೆಯ ಹನ್ನೆರಡು ನಿಮಿಷ

ಕಚೇರಿಯ ಗೋಡೆಯ ಮೇಲಿನ ದೂರದ ಪಟ್ಟಿಯ ತುದಿಯಲ್ಲಿದ್ದ ಸಣ್ಣಕ್ಷರ ಲಾರಿಯಮ್ಮನ ಕಣ್ಣಿಗೆ ಬಿದ್ದಾಗ, ರೋಗಿಯನ್ನು ಹೊತ್ತ ವಿಮಾನ ಹಾರಿ ಹತ್ತು ನಿಮಿಷವಾಗಿತ್ತು. ‘ದೂರ: ನಾಟಿಕಲ್ ಮೈಲಿಗಳಲ್ಲಿ.’ ಅವಳು ಎದ್ದು ಹತ್ತಿರ ಹೋಗಿ ಮತ್ತೊಮ್ಮೆ ಓದಿದಳು.

ಒಂಬತ್ತು ವರ್ಷ ಲಾರಿ ಆಫೀಸಿನಲ್ಲಿ ದುಡಿದವಳು. ಹೆಸರು ಬಂದದ್ದೂ ಹಾಗೇ. ಅಲ್ಲಿ ದೂರವೆಂದರೆ ಕಿಲೋಮೀಟರು, ಎರಡನೆಯ ಮಾತಿಲ್ಲ. ರೋಗಿಗಳನ್ನು ಸಾಗಿಸುವ ಈ ಪುಟ್ಟ ವಿಮಾನದ ಕಚೇರಿಗೆ ಸೇರಿ ಇನ್ನೂ ಹನ್ನೊಂದು ದಿನ. ಊರಿಂದೂರಿಗೆ ದೂರ ನೋಡಿ, ಹಾರಾಟದ ಹೊತ್ತು ಲೆಕ್ಕ ಹಾಕಿ, ಎಷ್ಟು ಆಕ್ಸಿಜನ್ ಸಿಲಿಂಡರ್ ಬೇಕೆಂದು ಚೀಟಿ ಬರೆಯುವುದು ಅವಳ ಕೆಲಸ. ಪಟ್ಟಿಯಲ್ಲಿ ಮುನ್ನೂರ ಮೂವತ್ತು ಎಂದಿತ್ತು. ಕಿಲೋಮೀಟರೆಂದೇ ತಿಳಿದು ಐವತ್ತು ನಿಮಿಷ ಎಂದು ಬರೆದಿದ್ದಳು. ಒಂದು ಸಿಲಿಂಡರು ನಲವತ್ತು ನಿಮಿಷ ಬರುತ್ತದೆ. ಎರಡು ಧಾರಾಳವಾಗಿ ಸಾಕು ಎಂದು ಬೀಗಿಯೂ ಇದ್ದಳು.

ಈಗ ಮತ್ತೆ ಲೆಕ್ಕ ಹಾಕಿದಳು. ಒಂದು ನಾಟಿಕಲ್ ಮೈಲಿಯೆಂದರೆ ಎರಡು ಕಿಲೋಮೀಟರಿಗೆ ತುಸು ಕಡಿಮೆ; ದಾರಿ ಆರುನೂರು ಕಿಲೋಮೀಟರಿಗೂ ಮೇಲೆ. ತೊಂಬತ್ತೆರಡು ನಿಮಿಷ. ಎರಡು ಸಿಲಿಂಡರು ಎಂಬತ್ತಕ್ಕೇ ಮುಗಿಯುತ್ತವೆ. ಕೊನೆಯ ಹನ್ನೆರಡು ನಿಮಿಷ ವಿಮಾನದೊಳಗೆ ಮಲಗಿರುವ ಮುದುಕಿ ಏನನ್ನು ಉಸಿರಾಡಬೇಕು? ಕೆಲಸ ಹೋಗುತ್ತದೆ ಎಂಬ ಯೋಚನೆಯೂ ಬಂತು. ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ನಿಲ್ದಾಣದ ಕಂಟ್ರೋಲ್ ರೂಮಿಗೆ ಫೋನ್ ಮಾಡಿದಳು. “ವಿಮಾನ ವಾಪಸ್ ತಿರುಗಿಸ್ಬೇಕು. ಆಕ್ಸಿಜನ್ ಸಾಲಲ್ಲ. ತಪ್ಪು ನಂದೇ.”

“ಪೈಲಟ್‌ನ ಕೇಳ್ತೀನಿ. ಲೈನಲ್ಲೇ ಇರಿ ಮೇಡಂ.”

ರಿಸೀವರ್ ಕಿವಿಗೊತ್ತಿಕೊಂಡು ನಿಂತಿದ್ದಾಗಲೇ ಬಾಗಿಲು ತಳ್ಳಿಕೊಂಡು ಮುದುಕಿಯ ಮಗ ಬಂದ. ಟೈಲರ್; ಅಂಗಡಿ ಬಿಟ್ಟು ಹಾಗೇ ಅಮ್ಮನ ಜೊತೆ ಹೊರಟಿದ್ದವನ ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ವಿಮಾನದಲ್ಲಿ ಅಮ್ಮನ ಪಕ್ಕ ಇರಬೇಕಾದವನು ಇಲ್ಲೇಕೆ?

“ನನ್ನ ಯಾಕ್ರೀ ಇಳಿಸಿದ್ರಿ?” ಎಂದ. “ಅಮ್ಮನ ಕೈ ಹಿಡ್ಕೊಂಡು ಕೂತಿದ್ದೆ. ನಿಮ್ಮ ನರ್ಸಮ್ಮ ಚೀಟಿ ನೋಡಿ, ‘ಐವತ್ತು ನಿಮಿಷನಾ? ಇಪ್ಪತ್ತು ಸಲ ಹೋಗಿದ್ದೀನಿ ಈ ದಾರೀಲಿ, ಯಾವ ಪುಣ್ಯಾತ್ಮ ಬರೆದದ್ದು’ ಅಂದ್ರು. ತೂಕ ಜಾಸ್ತಿ ಆಗುತ್ತೆ ಅಂತ ನನ್ನ ಕೆಳಗಿಳಿಸಿ, ನನ್ನ ಸೀಟಿಗೆ ಇನ್ನೆರಡು ಸಿಲಿಂಡರ್ ಕಟ್ಟಿದ್ರು. ಹೆತ್ತ ಮಗನಿಗಿಂತ ಕಬ್ಬಿಣ ಹೆಚ್ಚಾಯ್ತಾ?”

“ಇನ್ನೆರಡಾ?” ಎಂದಳು.

ಅಷ್ಟರಲ್ಲಿ ಫೋನಿನಲ್ಲಿ ದನಿ ಬಂತು. “ಮೇಡಂ, ಒಟ್ಟು ನಾಲ್ಕು ಇದೆಯಂತೆ. ತಿರುಗಿಸ್ಬೇಕಾ?”

“ಬೇಡ. ಹೋಗ್ಲಿ.”

ಫೋನಿಟ್ಟು ಕುರ್ಚಿಯಲ್ಲಿ ಕುಳಿತಳು. ಮಗ ಇನ್ನೂ ಉತ್ತರಕ್ಕೆ ಕಾಯುತ್ತ ನಿಂತಿದ್ದ. ಸುಮ್ಮನಿದ್ದರೆ ತಪ್ಪು ಯಾರದೆಂದು ಇವನಿಗೆ ಯಾವತ್ತೂ ತಿಳಿಯುವುದಿಲ್ಲ.

“ಆ ಚೀಟಿ ಬರೆದದ್ದು ನಾನೇ ಅಣ್ಣ,” ಎಂದಳು. “ತಪ್ಪು ಬರೆದಿದ್ದೆ. ನೀವು ಇಳಿಯದೆ ಇದ್ದಿದ್ರೆ ನಿಮ್ಮಮ್ಮನಿಗೆ ದಾರೀಲೇ ಗಾಳಿ ಮುಗೀತಿತ್ತು.”

ಅವನು ಮೇಜಿನ ಹತ್ತಿರಕ್ಕೆ ಬಂದ. ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದುಕೊಂಡಳು.

“ಈಗ ಸರಿಯಾಗಿ ಹೇಳಿ,” ಎಂದ ಮೆಲ್ಲಗೆ. “ಇನ್ನೆಷ್ಟು ಹೊತ್ತು?”

“ಎಪ್ಪತ್ತೈದು ನಿಮಿಷ.”

ಅವನು ಎದುರಿನ ಕುರ್ಚಿಯನ್ನು ಗಡಿಯಾರದ ಕಡೆಗೆ ತಿರುಗಿಸಿಕೊಂಡು ಕುಳಿತ. ಕೊರಳ ಟೇಪನ್ನು ತೆಗೆದು ಬೆರಳಿಗೆ ಸುತ್ತತೊಡಗಿದ. ಸುತ್ತಿ ಮುಗಿದಾಗ ಬಿಚ್ಚಿ, ಮತ್ತೆ ಮೊದಲಿಂದ ಸುತ್ತಿದ.