ಹೂ ಮುಡಿದ ನಲ್ಲಿ

೧

ಈ ಕತೆಯನ್ನು ನಲ್ಲಿಯಿಂದ ಶುರು ಮಾಡಲೋ, ದ್ರಾಕ್ಷಾಯಣಮ್ಮನಿಂದಲೋ?

ನಮ್ಮ ಕಡೆ ಕತೆ ಹೇಳುವ ಹಿರಿಯರು ಮೊದಲು ಊರದೇವರಿಗೆ ಕೈಮುಗಿದು, ಆಮೇಲೆ ಕೇಳುವವರ ಕಡೆ ತಿರುಗಿ, "ಹೂಂ ಅನ್ನೋಕೆ ಯಾರಿದ್ದೀರಿ?" ಎಂದು ವಿಚಾರಿಸಿಕೊಂಡೇ ಬಾಯಿ ತೆರೆಯುತ್ತಿದ್ದರು. ಕೈಮುಗಿಯುವ ಕೆಲಸ ನಾನು ಮುಗಿಸಿದ್ದೇನೆ. ಹೂಂಗುಟ್ಟುವ ಕೆಲಸ ನಿಮ್ಮದು.

ಮೊದಲ ಡ್ರಾಫ್ಟ್ ಹೀಗಿತ್ತು: "ಸ್ವಾತಂತ್ರ್ಯ ಬಂದು ಇಷ್ಟು ವರ್ಷಗಳಾದರೂ ನಮ್ಮ ಹಳ್ಳಿಗಳು..." ಅಷ್ಟು ಬರೆಯುವಷ್ಟರಲ್ಲಿ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ.

(ಹರಿದ ಹಾಳೆಯನ್ನು ದ್ರಾಕ್ಷಾಯಣಮ್ಮ ಒಲೆ ಹಚ್ಚಲು ಒಯ್ದಳು. "ಅಂತೂ ಒಂದ್ ಕೆಲಸಕ್ಕೆ ಬಂತು" ಅಂದಳು.)

೨

ಸರಿ, ನಲ್ಲಿಯಿಂದಲೇ.

ಜಡೆಗದ್ದೆ ಅಂತ ಒಂದು ಊರು. ಯಸಳೂರಿನ ಬಸ್ಸು ಹತ್ತಿ ಹುಡುಕಬೇಡಿ, ಅದು ನಾನು ಕಟ್ಟಿದ ಊರು. ಆದರೂ ಕಂಡಕ್ಟರನ್ನು ಕೇಳಿದರೆ "ಇಲ್ಲೇ ಎಲ್ಲೋ ಬರ್ತೈತೆ, ಕೂತ್ಕೊಳ್ಳಿ" ಅಂದಾನು. ಅಲ್ಲಿ ಪ್ರತಿ ಮನೆಯ ಅಂಗಳದಲ್ಲೂ ಒಂದು ಸಿಮೆಂಟು ಕಂಬ, ಕಂಬಕ್ಕೊಂದು ನಲ್ಲಿ. ಊರಿಗೆ ತಿರುಗುವ ದಾರಿಯಲ್ಲಿ ನೀಲಿ ಬೋರ್ಡು: 'ಕಾಮಗಾರಿ ಪೂರ್ಣಗೊಂಡಿದೆ.'

ನೀರು ಬಂದೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಟ್ರಯಲ್ ನೋಡಿದ ದಿನ ನಲ್ಲಿಗಳು ಕೆಮ್ಮಿ, ಕೆಂಪಗೆ ಉಗುಳಿ, ಆಮೇಲೆ ಒಂದಿಷ್ಟು ಹೊತ್ತು ತಿಳಿನೀರು ಬಿಟ್ಟವು. ಊರ ಹೆಂಗಸರೆಲ್ಲ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಗಂಗೆಪೂಜೆ ಮಾಡಿದರು. ಸಂಜೆಗೆ ನೀರು ಹೋಯಿತು. ಪೂಜೆ ಮಾತ್ರ ನಿಂತಿತು, ಅಂದರೆ ಒಂದು ಮನೆಯಲ್ಲಿ ಹೋಗದೆ ನಿಂತಿತು. ಪಕ್ಕದ ಮನೆಯವರು ಕಂಬಕ್ಕೆ ಕರು ಕಟ್ಟಿದರು, ಆಚೆಯವರು ಕಾಫಿ ಕೊಯ್ಲಿನ ಚೀಲ ಒಣಹಾಕಿದರು. ದ್ರಾಕ್ಷಾಯಣಮ್ಮ ಹಾಗಲ್ಲ. ಹಣೆ ತುಂಬ ವಿಭೂತಿ ಧರಿಸಿ, ಪ್ರತಿ ಶುಕ್ರವಾರ ನಲ್ಲಿಗೆ ಹೂ ಮುಡಿಸುತ್ತಾಳೆ. ಗಂಗಮ್ಮ ಒಮ್ಮೆ ಬಂದ ಜಾಗ. ಮರೆತಾಳು, ನಾವು ಮರೆಯಬಾರದು.

ಕುಡಿಯುವ ನೀರು ಮಾತ್ರ ಎಸ್ಟೇಟಿನ ಬೇಲಿಯಾಚೆ, ಇಳಿಜಾರಿನ ಕೆಳಗಿನ ಒರತೆಯದು. ಮಂಡಿ ಹಿಡಿದುಕೊಂಡ ಮೇಲೆ ದ್ರಾಕ್ಷಾಯಣಮ್ಮ ಇಳಿಯುವುದನ್ನು ಬಿಟ್ಟಳು. ಈಗ ಸೊಸೆ ಆಶಾ ಹೊರುತ್ತಾಳೆ. ಆಶಾ ಬಸುರಿ. ಹೋದ ವಾರ ಕಾಲು ಜಾರಿ, ಕಾಫಿಗೆ ನೆರಳಾಗಿ ನೆಟ್ಟ ಸಿಲ್ವರ್ ಮರವೊಂದನ್ನು ತಬ್ಬಿಕೊಂಡು ಉಳಿದಳು. ಕೊಡ ಒಂದೇ ಉರುಳಿಗೆ ಒರತೆ ಸೇರಿತು.

"ಶಿವನೇ ಸಿಲ್ವರ್ ಮರವಾಗಿ ನಿಂತಿದ್ದ" ಅಂದಳು ಅತ್ತೆ. ಅಂದವಳು ಅವತ್ತು ಊಟ ಮಾಡಲಿಲ್ಲ. ಮುಂದಿನ ಸಲ ಅಲ್ಲಿ ಮರ ಇರದಿದ್ದರೆ?

೩

ಈಗ ಒಂದು ಗಂಡು ಪಾತ್ರ ಬೇಕು. ಏಕಾಂತಯ್ಯ, ದ್ರಾಕ್ಷಾಯಣಮ್ಮನ ಗಂಡ, ಆಗಲೇ ಜಗಲಿಯ ಮೇಲೆ ಫೋನ್ ಹಿಡಿದು ಕೂತುಬಿಟ್ಟಿದ್ದಾರೆ. ಯಾವ ಶಾಸಕ ಯಾವ ರೆಸಾರ್ಟಿನಲ್ಲಿದ್ದಾನೆ, ಯಾವ ಮಂತ್ರಿಗೆ ಯಾವ ಖಾತೆ ತಪ್ಪಿತು ಎಲ್ಲವೂ ಗೊತ್ತು.

"ಈ ದೇಶ ಉದ್ಧಾರ ಆಗಲ್ಲ ಕಣೋ" ಎಂದು ನನಗೇ ಹೇಳಿದರು.

"ಸೋಮವಾರ ಇಸ್ಕೂಲ್ ಜಗಲೀಲಿ ಗ್ರಾಮಸಭೆ ಐತಲ್ಲ, ಏಕಾಂತಯ್ಯನವರೇ. ಮನೆಮನೆಗೂ ನೀರು ಬರ್ತೈತೆ ಅಂತ ಊರು ಕೈ ಎತ್ತಿದ್ರೆ ಮುಗೀತು, ಫೈಲ್ ಕ್ಲೋಸು. ಆಮೇಲೆ ಯಾರೂ ಈ ಕಡೆ ತಲೆ ಹಾಕಲ್ಲ. ಹೋಗಿ ಒಂದು ಮಾತು ಹೇಳಬಾರದಾ?"

"ಹೆಂಗ್ ಹೇಳಾದು ಮಾರಾಯ? ಪಂಚಾಯ್ತಿ ಮೆಂಬರು ನನ್ನ ಷಡ್ಕನ ಮಗ. ಅಲ್ಲಿ ಅವನ ಮಾನ ಕಳೆದು, ನಾಳೆ ಗೃಹಪ್ರವೇಶದಲ್ಲಿ ಅವನ ಪಕ್ಕದ ಎಲೇಲಿ ಕೂತು ಪಾಯಸ ತಿನ್ನಾಕೆ ಆಯ್ತದಾ?"

"ಡೆಲ್ಲಿಯವರನ್ನ ಬೆಳಗಿಂದ ಬೈತಾ ಇದೀರಲ್ಲ?"

"ಅವ್ರೇನು ನಮ್ಮ ಪಕ್ಕದ ಎಲೇಲಿ ಕೂರ್ತಾರಾ?"

(ನಗಬೇಡಿ. ನಿಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿಗೆ ನೀವು ಹೋಗಿದ್ದು ಯಾವಾಗ?)

೪

ಆದರೆ ನಿಜವಾದ ತಪ್ಪು ಏಕಾಂತಯ್ಯನವರದಲ್ಲ. ಅದು ನಮ್ಮ ಜನ ಮಾತ್ರ ಮಾಡಬಲ್ಲ ತಪ್ಪು. ನಿಧಾನ ಹೇಳುತ್ತೇನೆ.

ನೀರು ಬರುತ್ತದೋ ಇಲ್ಲವೋ ನೋಡಲು ಎಂಜಿನಿಯರ್ ಮಂಜುನಾಥ್ ಈ ಮೊದಲೂ ಬಂದಿದ್ದರು. ಶಾಲೆಯ ಪಕ್ಕದ ಮನೆ ದ್ರಾಕ್ಷಾಯಣಮ್ಮನದೇ, ಹಾಗಾಗಿ ಮೊದಲು ಅಲ್ಲಿಗೇ. ಬಿಸಿಲಲ್ಲಿ ಬಂದವರಿಗೆ ಬೆಲ್ಲ, ನೀರು ಕೊಡದೆ ಮಾತಾಡಿಸುವುದುಂಟೇ? ಆಶಾ ಹಿತ್ತಿಲ ಬಾಗಿಲಿಂದ ಒರತೆಗೆ ಓಡಿದಳು. ಹುಣಸೆಹಣ್ಣಲ್ಲಿ ಬೆಳಗಿದ ತಾಮ್ರದ ಚೊಂಬಿನಲ್ಲಿ ತಣ್ಣಗಿನ ನೀರು ಬಂತು. ಎಂಜಿನಿಯರು ಗಟಗಟ ಕುಡಿದು, "ನೀರು ಬಹಳ ಚೆನ್ನಾಗಿದೆ ಅಮ್ಮ" ಅಂದರು. ಹೊಗಳಿದವರ ಮುಂದೆ ದೂರುವುದು ಹೇಗೆ? ದ್ರಾಕ್ಷಾಯಣಮ್ಮ ಸೆರಗು ಸರಿಮಾಡಿಕೊಂಡು ನಕ್ಕಳು.

ಹಾಗಾದರೆ ನಲ್ಲಿ ತಿರುಗಿಸಿ ನೋಡಲಿಲ್ಲವೇ ಎಂದು ಕೇಳುತ್ತೀರಿ. ಕೈ ಚಾಚಿದ್ದರು. ಕುಂಕುಮ, ಹೂವು ಕಂಡವು. "ಪೂಜೆ ಮಾಡಿದೀರಾ? ಶೂ ಹಾಕ್ಕೊಂಡಿದೀನಿ, ಮುಟ್ಟಲ್ಲ ಬಿಡಿ" ಎಂದು ದೂರದಿಂದಲೇ ಕೈಮುಗಿದು, ಕುಡಿದದ್ದು ನಲ್ಲಿಯ ನೀರೇ ಎಂದು ನಂಬಿ ಬರೆದುಕೊಂಡು ಹೊರಟುಹೋದರು.

ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಎಲ್ಲರೂ ಒಳ್ಳೆಯವರೇ. ಆ ಒಳ್ಳೆಯತನದ ಭಾರವನ್ನೆಲ್ಲ ಆಶಾ ಸೊಂಟದ ಮೇಲಿಟ್ಟುಕೊಂಡು ಇಳಿಜಾರು ಹತ್ತುತ್ತಿದ್ದಳು.

೫

ನನಗೆ ತಡೆಯಲಾಗಲಿಲ್ಲ. ಕತೆಗಾರ ಕತೆಯೊಳಗೆ ಕಾಲಿಡಬಾರದು ಅಂತಾರೆ. ನಾನು ಅಂಗಳಕ್ಕೇ ಹೋದೆ.

"ದ್ರಾಕ್ಷಾಯಣಮ್ಮ, ಸೋಮವಾರ ಸಭೆಗೆ ಬರೋ ಆ ಎಂಜಿನಿಯರಿಗೆ ನೀರು ಕೊಡಬೇಡಿ. 'ಇಲ್ಲ' ಅಂದುಬಿಡಿ."

ಅವಳು ಮೊರ ಕೆಳಗಿಟ್ಟಳು. "ಏನಂದೆ? ನೀರು ಇಲ್ಲ ಅನ್ನಾದಾ? ಬಾಯಾರಿ ಬಂದೋರಿಗೆ? ಈ ಮನೇಲಿ ದಿನಾ ಲಿಂಗಪೂಜೆ ನಡೀತೈತೆ ಕಣೋ. ನಿನ್ನ ಕತೆ ಚೆನ್ನಾಗಾಗ್ಲಿ ಅಂತ ನನ್ನ ಕೈಲಿ ಪಾಪ ಮಾಡಿಸ್ತೀಯಾ?"

"ಹಾಗಾದ್ರೆ ಬಸುರಿ ಸೊಸೆ ಹೊರಲಿ ಅಂತೀರಾ?"

ಉತ್ತರ ಒಳಗಿನಿಂದ ಬಂತು. ಆಶಾ ಬಾಗಿಲಿಗೆ ಒರಗಿ ನಿಂತಿದ್ದಳು.

"ನನ್ನ ಬಸುರಿ ಮಾಡಿದ್ದು ನೀವೇ ಅಲ್ವಾ, ಎರಡನೇ ನಂಬರಿನಲ್ಲಿ? ಕೊಡ ಹೊರೋದು ಕಷ್ಟ ಅಂತ ಓದೋರಿಗೆ ಗೊತ್ತಾಗಕ್ಕೆ ಹೆಂಗಸು ಬಸುರಿ ಆಗ್ಲೇಬೇಕಾ? ಸುಮ್ನೆ ಹೊತ್ರೂ ಅದು ಭಾರಾನೇ ಕಣ್ರೀ."

ನಾನು ತಲೆ ತಗ್ಗಿಸಿದೆ. (ಅಳಿಸಿಬಿಡಲೇ ಎಂದು ಕೇಳಿದೆ. "ಬೇಡ ಬಿಡಿ, ಅತ್ತೆ ಆಗ್ಲೇ ಕುಲಾವಿ ಹೊಲ್ದಿದಾರೆ" ಅಂದಳು.)

ಆಮೇಲೆ ಅತ್ತೆಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಅತ್ತೆ, ಮನೆಗೆ ತರ್ತೀನಿ. ದೇವರಿಗೆ ತರ್ತೀನಿ. ನೀರು ಬರ್ತೈತೆ ಅಂತ ಬರ್ಕೊಂಡು ಹೋಗೋರಿಗೆ ಮಾತ್ರ ನಾನು ತರಲ್ಲ."

ದ್ರಾಕ್ಷಾಯಣಮ್ಮ ಎದ್ದು ದೇವರಕೋಣೆಗೆ ಹೋದಳು. ಅಂದು ಅವಳ ಪೂಜೆ ಬಹಳ ಹೊತ್ತು ನಡೆಯಿತು. ಶಿವನೇ, ಬಂದವರಿಗೆ ಇಲ್ಲ ಅನ್ನದೆ, ಇಲ್ಲದ್ದನ್ನು ಇಲ್ಲ ಎಂದು ತೋರಿಸುವುದು ಹೇಗೆ? ಒಳಗೆ ಏನು ಮಾತಾಯಿತೋ ನನಗೆ ತಿಳಿಯದು. ದೇವರಕೋಣೆಯ ಹೊಸ್ತಿಲು ದಾಟುವ ಅಧಿಕಾರ ಕತೆಗಾರನಿಗಿಲ್ಲ.

೬

ಸೋಮವಾರ.

ಮೊದಲನೆಯ ಬಗೆ: ದ್ರಾಕ್ಷಾಯಣಮ್ಮ ಸಭೆಯಲ್ಲಿ ಎದ್ದು ಸಂವಿಧಾನದ ಬಗ್ಗೆ ಗುಡುಗುತ್ತಾಳೆ, ಜನ ಚಪ್ಪಾಳೆ ತಟ್ಟುತ್ತಾರೆ, ನಲ್ಲಿಗಳೆಲ್ಲ ಒಟ್ಟಿಗೇ ಚಿಮ್ಮುತ್ತವೆ. ("ಸಿನಿಮಾ ಮಾಡ್ತಿದೀಯಾ?" ಅಂದಳು. ಕೈಬಿಟ್ಟೆ.)

ಎರಡನೆಯ ಬಗೆ: ಯಾರೂ ಬರುವುದಿಲ್ಲ. ಕೊಯ್ಲಿನ ಕಾಲ. ಸಹಿಯ ಪುಸ್ತಕವೇ ಮನೆಮನೆಗೆ ನಡೆದು ಬರುತ್ತದೆ. (ಇದು ಬರೆದದ್ದಲ್ಲ, ನಡೆಯುತ್ತಿದ್ದದ್ದು. ಬೇಸರವಾಗಿ ಕೈಬಿಟ್ಟೆ.)

ನಡೆದದ್ದು ಇಷ್ಟು. ಸಭೆಗೆ ಮೊದಲು ಎಂಜಿನಿಯರು ವಾಡಿಕೆಯಂತೆ ಅಂಗಳಕ್ಕೆ ಬಂದರು, ಜೊತೆಗೆ ಮೆಂಬರು. ದ್ರಾಕ್ಷಾಯಣಮ್ಮ ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ಎಂಜಿನಿಯರು ಒಂದು ಚೂರು ಬಾಯಿಗೆ ಹಾಕಿಕೊಂಡು ಚೊಂಬಿಗಾಗಿ ಕಾದರು. ಚೊಂಬು ಬರಲಿಲ್ಲ. ಬಾಯಿ ಅಂಟಿತು.

"ಅಮ್ಮ, ನೀರು?"

"ಐತಲ್ಲ ಸ್ವಾಮಿ, ಬೇಕಾದಷ್ಟೈತೆ. ಕೆಳಗೆ ಒರತೇಲೈತೆ, ಬನ್ನಿ. ಬೆಲ್ಲ ನಾನು ಕೊಟ್ಟೆ, ನೀರು ಗಂಗಮ್ಮ ಕೊಡ್ತಾಳೆ. ಈ ಮನೇಲಿ ಇಲ್ಲ ಅನ್ನಲ್ಲ. ಸ್ವಲ್ಪ ಇಳೀಬೇಕು ಅಷ್ಟೇಯ."

"ಮತ್ತೆ ನಲ್ಲಿ?"

ಅವಳು ನಲ್ಲಿಯ ಹತ್ತಿರ ಹೋಗಿ ಹೂವನ್ನು ತೆಗೆದಳು. ಕಣ್ಣಿಗೊತ್ತಿಕೊಂಡು ಮುಡಿದುಕೊಂಡಳು. ಸೆರಗಿನಿಂದ ಕುಂಕುಮ ಒರೆಸಿದಳು. "ಈಗ ಮುಟ್ಟಿ. ಶೂ ಇದ್ರೂ ದೋಷ ಇಲ್ಲ."

ಎಂಜಿನಿಯರು ತಿರುಗಿಸಿದರು. ಒಂದು ಇರುವೆ ಹೊರಬಂತು. ಅದರ ಹಿಂದೆ ಇನ್ನೊಂದು.

ಮೆಂಬರು ಏಕಾಂತಯ್ಯನವರ ಮುಖ ನೋಡಿದ. "ದೊಡ್ಡಪ್ಪ, ಇದೆಲ್ಲ ಈಗ ಬೇಕಿತ್ತಾ?"

ಏಕಾಂತಯ್ಯ ಕೆಮ್ಮಿದರು. ಫೋನನ್ನು ಒಮ್ಮೆ, ಹೆಂಡತಿಯನ್ನು ಒಮ್ಮೆ ನೋಡಿದರು. "ನಡಿಯಪ್ಪ, ನಾನೂ ಬತ್ತೀನಿ. ನಾನೂ ಆ ಕಡೆ ಇಳಿದು ಕಾಲ ಆಯ್ತು" ಎಂದು ಚಪ್ಪಲಿ ಮೆಟ್ಟಿದರು. ಶಾಲೆಯ ಜಗಲಿಯಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಹಿಂದೆ ಬಂದರು. ಆಶಾ ಖಾಲಿ ಕೊಡ ತಂದು ಎಂಜಿನಿಯರ ಕೈಗೆ ಕೊಟ್ಟಳು.

೭

ಇಲ್ಲಿಗೆ ನೀರು ತರಿಸಿಬಿಡೋಣ ಎಂದು ನನ್ನ ಆಸೆ. ಪಂಪು ರಿಪೇರಿಯಾಯಿತು, ಶುಭಂ. ಬರೆಯಲು ಕೂತೆ. ಇಳಿಜಾರಿನ ಅಂಚಿಗೆ ಬಂದಿದ್ದ ದ್ರಾಕ್ಷಾಯಣಮ್ಮ ಅಲ್ಲಿಂದಲೇ ತಡೆದಳು.

"ಬಂತು ಅಂತ ಬರೆದ್ರೆ ಓದಿದೋರು ಸದ್ಯ ಅಂದ್ಬುಟ್ಟು ಮಲಗ್ತಾರೆ. ಬರಲಿಲ್ಲ ಅಂತ ಬರೆದ್ರೆ ಸರ್ಕಾರಾನ ನಾಕು ಬೈದು ಮಲಗ್ತಾರೆ. ಎರಡೂ ಒಂದೇಯ."

"ಮತ್ತೆ ಏನು ಬರೀಲಿ ತಾಯಿ?"

"ಇನ್ನೂ ಸಭೆಯೇ ಸುರುವಾಗಿಲ್ಲ, ಯಾರೂ ಕೈ ಎತ್ತಿಲ್ಲ ಅಂತ ಬರಿ. ನಿಜ ತಾನೇ?"

ನಿಜವೇ. ಜಗಲಿ ಖಾಲಿ ಇದೆ. ಕೈ ಎತ್ತಬೇಕಾದವರು, ಎತ್ತದೆ ಸುಮ್ಮನಿರಬೇಕಾದವರು, ಎಲ್ಲರೂ ಇಳಿಜಾರಿನಲ್ಲಿದ್ದಾರೆ. ಮೇಲೆ ಬಂದ ಮೇಲೆ ಯಾರು ಏನು ಮಾಡುತ್ತಾರೋ ನಾನು ಹೇಳುವುದಿಲ್ಲ. ಒಂದು ವೇಳೆ ನಿಮಗೆ ಗೊತ್ತಾಗಲೇಬೇಕೆಂದಿದ್ದರೆ, ನಿಮ್ಮ ಊರಿನ ಸಭೆ ಯಾವತ್ತು ಎಂದು ವಿಚಾರಿಸಿ, ಹೋಗಿ ನೋಡಿ. ಹೆಚ್ಚುಕಮ್ಮಿ ಇದೇ ಜನ ಇರುತ್ತಾರೆ.

ಎಂಜಿನಿಯರು ಸಿಲ್ವರ್ ಮರ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದರು. ದ್ರಾಕ್ಷಾಯಣಮ್ಮ ಮೇಲಿನಿಂದ ಕೂಗಿದಳು, ದನಿಯಲ್ಲಿ ಮಗನಿಗೆ ಹೇಳುವಷ್ಟೇ ಅಕ್ಕರೆ:

"ನಿಧಾನ ಸ್ವಾಮಿ, ಇಳಿಯಾದು ಸಲೀಸು. ಹತ್ತಬೇಕಾದ್ರೆ ಕೊಡ ತುಂಬಿರ್ತೈತೆ."